ಲೇಬಲ್ಲಿನ ನೂರು, ರಸ್ತೆಯ ಎಂಬತ್ತು: ಮನೆಯಲ್ಲೇ ಪರಿವರ್ತಿಸಿದ ವಿದ್ಯುತ್ ಕಾರಿನ ಬ್ಯಾಟರಿ ಲೆಕ್ಕ

ಹಳೆಯ ಮಾರುತಿ 800 ಕಾರಿನ ಎಂಜಿನ್ ಇಳಿಸಿ, ಅದರ ಗೇರ್‌ಬಾಕ್ಸಿಗೆ ವಿದ್ಯುತ್ ಮೋಟಾರನ್ನು ಜೋಡಿಸುವ ಕೆಲಸವು, ಒಳ್ಳೆಯ ಲೇತ್ ಅಂಗಡಿಯವರ ನೆರವು ಸಿಕ್ಕರೆ, ಕೆಲವು ವಾರಗಳಲ್ಲಿ ಮುಗಿಯುತ್ತದೆ. ಕಾರು ಮನೆಯ ಅಂಗಳದಲ್ಲಿ ಸದ್ದಿಲ್ಲದೆ ಮುಂದಕ್ಕೆ ಸರಿದ ಕ್ಷಣದಿಂದಲೇ ನೋಡಲು ಬಂದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ? ಈ ಪ್ರಶ್ನೆಗೆ ಬ್ಯಾಟರಿಯ ಮೇಲೆ ಅಚ್ಚಾದ ಸಂಖ್ಯೆಯನ್ನು ನೋಡಿ ಉತ್ತರ ಹೇಳಿದವರು ಒಂದಲ್ಲ ಒಂದು ದಿನ ಕಾರನ್ನು ತಳ್ಳಿಕೊಂಡು ಮನೆಗೆ ಬಂದಿರುತ್ತಾರೆ. ನಾನೂ ತಳ್ಳಿದ್ದೇನೆ. ಲೇಬಲ್ಲಿನ ಸಂಖ್ಯೆಯಿಂದ ಹೊರಟು, ಚಾಲಕ ನಂಬಬಹುದಾದ ಸಂಖ್ಯೆಯನ್ನು ತಲುಪುವ ಬಗೆಯನ್ನು ನನ್ನದೇ ಕಾರಿನ ಅಂಕಿಗಳನ್ನು ಇಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ. ನಿಮ್ಮ ವಾಹನ ಓಮ್ನಿಯಾಗಿರಲಿ, ಸ್ಕೂಟರ್ ಆಗಿರಲಿ, ಅಂಕಿಗಳು ಬದಲಾಗುತ್ತವೆಯೇ ಹೊರತು ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಲೇಬಲ್ಲಿನ ಸಂಖ್ಯೆಯ ಅರ್ಥ

ನನ್ನ ಕಾರಿನಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳು. ಈ ಕಸುಬಿನವರು ಇವನ್ನು ಎಲ್‌ಎಫ್‌ಪಿ ಎನ್ನುತ್ತಾರೆ. ಒಂದೊಂದು ಸೆಲ್ಲಿನ ಮೇಲೆ 3.2 ವೋಲ್ಟ್, 100 ಎಎಚ್ ಎಂದು ಬರೆದಿದೆ. ಎಎಚ್ ಎಂದರೆ ಆಂಪಿಯರ್-ಗಂಟೆ. ಇಂತಹ 24 ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದಾಗ ವೋಲ್ಟೇಜು ಕೂಡುತ್ತಾ ಹೋಗಿ 76.8 ಆಗುತ್ತದೆ, ಆಂಪಿಯರ್-ಗಂಟೆ ಮಾತ್ರ 100 ಆಗಿಯೇ ಉಳಿಯುತ್ತದೆ. ಸಮಾನಾಂತರವಾಗಿ ಜೋಡಿಸಿದ್ದರೆ ಇದಕ್ಕೆ ವಿರುದ್ಧವಾಗಿ ಆಂಪಿಯರ್-ಗಂಟೆ ಕೂಡುತ್ತಿತ್ತು, ವೋಲ್ಟೇಜು 3.2ರಲ್ಲೇ ನಿಲ್ಲುತ್ತಿತ್ತು. 76.8ನ್ನು 100ರಿಂದ ಗುಣಿಸಿದರೆ 7680 ವ್ಯಾಟ್-ಗಂಟೆ ಬರುತ್ತದೆ. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಏಳೂಮುಕ್ಕಾಲು ಯೂನಿಟ್‌ಗಿಂತ ತುಸು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಒಂದು ಎಲ್‌ಎಫ್‌ಪಿ ಸೆಲ್ 3.65 ವೋಲ್ಟ್ ಮುಟ್ಟುತ್ತದೆ; 24 ಸೆಲ್ಲಿಗೆ ಅದು 87.6 ವೋಲ್ಟ್. ಕೆಲವು ವ್ಯಾಪಾರಿಗಳು ಈ 87.6ನ್ನೇ 100ರಿಂದ ಗುಣಿಸಿ "ಎಂಟೂಮುಕ್ಕಾಲು ಯೂನಿಟ್ ಬ್ಯಾಟರಿ" ಎಂದು ಮಾರುತ್ತಾರೆ. ಚಾರ್ಜರ್ ತೆಗೆದ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವ ವೋಲ್ಟೇಜಿನಿಂದ ಶಕ್ತಿಯ ಲೆಕ್ಕ ಹಾಕಬಾರದು. ಗುಣಾಕಾರಕ್ಕೆ ಬಳಸಬೇಕಾದದ್ದು ಸರಾಸರಿ ವೋಲ್ಟೇಜು. ಎಲ್‌ಎಫ್‌ಪಿಗೆ ಅದು 3.2, ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ ಸೆಲ್ಲಿಗೆ 3.6 ಅಥವಾ 3.7, ಸೀಸ-ಆಮ್ಲದ ಬ್ಯಾಟರಿಗೆ 12.

ಯಾವ ನಿಧಾನದಲ್ಲಿ ಅಳೆದ ನೂರು?

ಲೇಬಲ್ಲಿನ ಆಂಪಿಯರ್-ಗಂಟೆಯನ್ನು ಯಾರೋ ಎಲ್ಲೋ ಒಂದು ನಿರ್ದಿಷ್ಟ ಕರೆಂಟಿನಲ್ಲಿ ಅಳೆದಿರುತ್ತಾರೆ. ಆ ಕರೆಂಟು ಎಷ್ಟು ಎಂಬುದು ತಿಳಿಯದೆ ಸಂಖ್ಯೆಗೆ ಅರ್ಥವಿಲ್ಲ. ಮನೆಯ ಇನ್ವರ್ಟರಿಗೆ ಬಳಸುವ ಟ್ಯೂಬುಲರ್ ಬ್ಯಾಟರಿಯ ಮೇಲೆ 150 ಎಎಚ್, ಸಿ20 ಎಂದು ಬರೆದಿದ್ದರೆ, ಆ ಬ್ಯಾಟರಿಯಿಂದ 20 ಗಂಟೆಗಳ ಕಾಲ 7.5 ಆಂಪಿಯರ್‌ನಂತೆ ಎಳೆದಾಗ 150 ಸಿಗುತ್ತದೆ ಎಂದಷ್ಟೇ ಅರ್ಥ. ಅದರಿಂದ 50 ಆಂಪಿಯರ್ ಎಳೆದರೆ ಮೂರು ಗಂಟೆ ಬರುವುದಿಲ್ಲ. ಬಹಳ ಮೊದಲೇ ಸುಸ್ತಾಗುತ್ತದೆ. ಈ ನಷ್ಟಕ್ಕೆ ಸೂತ್ರ ಕೊಟ್ಟವರು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್, 1897ರಲ್ಲಿ. ಅದನ್ನು ಕೈಲೆಕ್ಕಕ್ಕೆ ಒಗ್ಗುವಂತೆ ಹೀಗೆ ಬಳಸಬಹುದು: ಲೇಬಲ್ಲಿನ ಕರೆಂಟನ್ನು ನೀವು ಎಳೆಯುವ ಕರೆಂಟಿನಿಂದ ಭಾಗಿಸಿ, ಬಂದ ಭಿನ್ನರಾಶಿಗೆ ಪ್ಯೂಕರ್ಟ್ ಘಾತದಿಂದ ಒಂದನ್ನು ಕಳೆದು ಉಳಿದದ್ದನ್ನು ಘಾತವಾಗಿ ಕೊಟ್ಟು, ಅದನ್ನು ಲೇಬಲ್ಲಿನ ಸಾಮರ್ಥ್ಯಕ್ಕೆ ಗುಣಿಸಬೇಕು. ಸೀಸ-ಆಮ್ಲದ ಬ್ಯಾಟರಿಗೆ ಈ ಘಾತ ಸಾಮಾನ್ಯವಾಗಿ 1.1ರಿಂದ 1.3ರವರೆಗೆ ಇರುತ್ತದೆ.

ಉದಾಹರಣೆಗೆ, 12 ವೋಲ್ಟಿನ, ಸಿ20 ದರದ 100 ಎಎಚ್ ಬ್ಯಾಟರಿಗಳು ಆರು ಇವೆ ಎಂದುಕೊಳ್ಳಿ. ಲೇಬಲ್ಲಿನ ಕರೆಂಟು 5 ಆಂಪಿಯರ್, ಕಾರು ಎಳೆಯುವುದು 50, ಭಾಗಿಸಿದರೆ 0.1. ಪ್ಯೂಕರ್ಟ್ ಘಾತ 1.2 ಎಂದು ಹಿಡಿದರೆ, 0.1ರ 0.2ನೇ ಘಾತ 0.63. ಅಲ್ಲಿಗೆ 100 ಎಎಚ್ ಇದ್ದದ್ದು 63 ಆಯಿತು. ಅದರಲ್ಲೂ ಎಂಬತ್ತು ಭಾಗಕ್ಕಿಂತ ಹೆಚ್ಚು ಬರಿದು ಮಾಡಿದರೆ ಬ್ಯಾಟರಿಯ ಆಯುಷ್ಯ ಬೇಗ ಮುಗಿಯುವುದರಿಂದ, ಬಳಕೆಗೆ ಉಳಿಯುವುದು 50. 7200 ವ್ಯಾಟ್-ಗಂಟೆ ಎಂದು ಕೊಂಡು ತಂದದ್ದು 3600 ಆಗಿ, 180 ಕಿಲೋ ತೂಕದ ಸೀಸವನ್ನು ಹೊತ್ತು ತಿರುಗುವುದಷ್ಟೇ ಉಳಿಯುತ್ತದೆ. ಇದರ ಮೇಲೆ ತಾಪಮಾನದ ಕಡಿತವೂ ಇದೆ. ನಮ್ಮ ದೇಶದ ಮಾನಕಗಳು ಸೀಸ-ಆಮ್ಲದ ಬ್ಯಾಟರಿಯ ಸಾಮರ್ಥ್ಯವನ್ನು 27 ಡಿಗ್ರಿಯಲ್ಲಿ ಅಳೆಯುತ್ತವೆ. ಅದಕ್ಕಿಂತ ಕೆಳಗಿಳಿದ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ ಒಂದರಂತೆ ಸಾಮರ್ಥ್ಯ ಕುಸಿಯುತ್ತದೆ. ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಇದು ಗೊತ್ತಾಗುವಷ್ಟೇ ದೊಡ್ಡ ಕಡಿತ.

ಎಲ್‌ಎಫ್‌ಪಿ ಸೆಲ್ಲುಗಳಲ್ಲಿ ಪ್ಯೂಕರ್ಟ್ ಪರಿಣಾಮ ಅತ್ಯಲ್ಪ. ನೂರು ಎಎಚ್ ಸೆಲ್ಲಿನಿಂದ 20 ಆಂಪಿಯರ್ ಎಳೆದರೂ 50 ಎಳೆದರೂ ಆಂಪಿಯರ್-ಗಂಟೆಯ ವ್ಯತ್ಯಾಸ ಕೆಲವೇ ಶೇಕಡಾದಷ್ಟು. ಅಲ್ಲಿ ಹೆಚ್ಚಿನ ಕರೆಂಟಿನಿಂದ ಇಳಿಯುವುದು ವೋಲ್ಟೇಜು. ಒಂದು ಸೆಲ್ಲು ಮತ್ತು ಅದನ್ನು ಪಕ್ಕದ ಸೆಲ್ಲಿಗೆ ಜೋಡಿಸುವ ಲೋಹದ ಪಟ್ಟಿ, ಅಂದರೆ ಬಸ್‌ಬಾರ್, ಸೇರಿ ಸುಮಾರು 1 ಮಿಲಿ ಓಮ್ ರೋಧವಿದ್ದರೆ 24 ಸೆಲ್ಲಿಗೆ 24. ಕೇಬಲ್, ಫ್ಯೂಸ್, ಕಾಂಟ್ಯಾಕ್ಟರ್‌ಗಳಿಗೆ ಇನ್ನೊಂದು ಹತ್ತು. ಒಟ್ಟು 34 ಮಿಲಿ ಓಮ್. 100 ಆಂಪಿಯರ್ ಎಳೆದಾಗ 3.4 ವೋಲ್ಟ್ ಇಳಿಯುತ್ತದೆ, 340 ವ್ಯಾಟ್ ಶಾಖವಾಗಿ ಹೋಗುತ್ತದೆ. ಸಮತಟ್ಟು ರಸ್ತೆಯ 43 ಆಂಪಿಯರಿನಲ್ಲಿ ನಷ್ಟ ಶೇಕಡಾ ಎರಡು, ಏರಿನ 100 ಆಂಪಿಯರಿನಲ್ಲಿ ನಾಲ್ಕೂವರೆ. ಊರೊಳಗಿನ ಓಡಾಟಕ್ಕೆ ಸರಾಸರಿ ಮೂರು ಎಂದು ಹಿಡಿದರೆ ಸಾಕು. ಆದರೆ ಒಂದೇ ಒಂದು ಬೋಲ್ಟು ಸಡಿಲವಾಗಿ ಆ ಜಾಗದಲ್ಲಿ 5 ಮಿಲಿ ಓಮ್ ಸೇರಿಕೊಂಡರೆ, ಏರಿನಲ್ಲಿ ಅಷ್ಟೇ ಜಾಗದಲ್ಲಿ 50 ವ್ಯಾಟ್ ಉರಿಯುತ್ತದೆ; ಅದು ಲೆಕ್ಕದ ವಿಷಯವಾಗಿ ಉಳಿಯದೆ ಪ್ಲಾಸ್ಟಿಕ್ ಕರಗುವ ವಿಷಯವಾಗುತ್ತದೆ.

ನೊಗಕ್ಕೆ ಕಟ್ಟಿದ 24 ಸೆಲ್ಲುಗಳು

ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ವ್ಯವಧಾನ ಇದ್ದವರು ಇದನ್ನು ಓದಬೇಕು. ಸರಣಿಯಲ್ಲಿರುವ ಎಲ್ಲ ಸೆಲ್ಲುಗಳ ಮೂಲಕ ಹರಿಯುವುದು ಒಂದೇ ಕರೆಂಟು. ಆದ್ದರಿಂದ ಅವುಗಳಲ್ಲಿ ಅತಿ ಚಿಕ್ಕದು ಬರಿದಾದ ಕ್ಷಣಕ್ಕೆ ಇಡೀ ಬ್ಯಾಟರಿಯೇ ಬರಿದಾದಂತೆ. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮಲಗಿದರೆ ಉಳಿದವುಗಳ ಕಸುವು ಬಂಡಿಗೆ ಒದಗುವುದಿಲ್ಲ. ಎಲ್‌ಎಫ್‌ಪಿ ಸೆಲ್ 2.5 ವೋಲ್ಟಿಗಿಂತ ಕೆಳಗೆ ಹೋಗಬಾರದು. ಯಾವುದೇ ಒಂದು ಸೆಲ್ ಆ ಮಟ್ಟ ಮುಟ್ಟಿದರೂ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಹಲಗೆ ಸರ್ಕಿಟನ್ನು ಕಡಿದುಹಾಕುತ್ತದೆ. ಸರಾಸರಿಯಿಂದ ಇಲ್ಲಿ ಏನೂ ಪ್ರಯೋಜನವಿಲ್ಲ. 23 ಸೆಲ್ಲುಗಳು 100 ಎಎಚ್ ಕೊಟ್ಟು ಒಂದು 80 ಕೊಟ್ಟರೆ, ನಿಮ್ಮ ಬ್ಯಾಟರಿ 80 ಎಎಚ್‌ನದು.

ಹಾಗಾಗಿ ಅಳೆಯಲೇಬೇಕು. ಮೊದಲು ಎಲ್ಲ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತುಂಬಿಸಿಕೊಳ್ಳಬೇಕು. 24 ಸೆಲ್ಲುಗಳನ್ನು ಸಮಾನಾಂತರವಾಗಿ ಕಟ್ಟಿ ಚಿಕ್ಕ ಪವರ್ ಸಪ್ಲೈನಿಂದ 3.65 ವೋಲ್ಟಿಗೆ ಏರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಅರ್ಧ ಖಾಲಿ ಇರುವ ಸೆಲ್ಲುಗಳಿಗೆ ಒಟ್ಟು 1200 ಆಂಪಿಯರ್-ಗಂಟೆ ಬೇಕಾಗುವುದರಿಂದ, 10 ಆಂಪಿಯರಿನ ಸಪ್ಲೈ ಐದು ದಿನ ಹಗಲಿರುಳು ದುಡಿಯಬೇಕಾಗುತ್ತದೆ. ಮೊದಲು ಸರಣಿಯಲ್ಲಿಯೇ, ಬಿಎಂಎಸ್ ಕಾವಲಿನಲ್ಲಿ, ಮೊದಲ ಸೆಲ್ 3.65 ಮುಟ್ಟುವವರೆಗೆ ಚಾರ್ಜ್ ಮಾಡಿ, ಆಮೇಲೆ ಬಿಚ್ಚಿ ಸಮಾನಾಂತರವಾಗಿ ಕಟ್ಟಿದರೆ ಉಳಿದ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಬಿಎಂಎಸ್ ತಾನೇ ಸಮ ಮಾಡಿಕೊಳ್ಳಲಿ ಎಂದು ಕಾಯುವುದು ಇನ್ನೂ ನಿಧಾನದ ದಾರಿ: ಸಾಧಾರಣ ಹಲಗೆಗಳ ಸಮತೋಲನದ ಕರೆಂಟು 0.1 ಆಂಪಿಯರ್ ಆಸುಪಾಸು, 5 ಎಎಚ್ ವ್ಯತ್ಯಾಸ ತೀರಲು 50 ಗಂಟೆ.

ತುಂಬಿದ ಸೆಲ್ಲುಗಳನ್ನು ಮತ್ತೆ ಸರಣಿಗೆ ಕಟ್ಟಿ, ಒಂದೇ ಸಮನೆ ಕರೆಂಟು ಎಳೆಯುವ ಹೊರೆಯೊಂದನ್ನು ಕೊಡಬೇಕು. ದುಬಾರಿ ಉಪಕರಣ ಬೇಕಿಲ್ಲ. ಹಂಡೆಯಲ್ಲಿ ನೀರು ಕಾಯಿಸುವ 1500 ವ್ಯಾಟಿನ ಇಮ್ಮರ್ಶನ್ ರಾಡುಗಳೇ ಸಾಕು. 230 ವೋಲ್ಟಿಗೆಂದು ಮಾಡಿದ ಅಂತಹ ರಾಡಿನ ರೋಧ ಸುಮಾರು 35 ಓಮ್. 77 ವೋಲ್ಟಿನಲ್ಲಿ ಅದು ಎಳೆಯುವುದು 2.2 ಆಂಪಿಯರ್. ಐದು ರಾಡುಗಳನ್ನು ಸಮಾನಾಂತರವಾಗಿ ಕಟ್ಟಿ 200 ಲೀಟರಿನ ಕಬ್ಬಿಣದ ಡ್ರಮ್ಮಿನ ನೀರಿನಲ್ಲಿ ಇಳಿಬಿಟ್ಟರೆ 11 ಆಂಪಿಯರ್ ಸ್ಥಿರವಾಗಿ ಹರಿಯುತ್ತದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ನೀರು ಸುಮಾರು 30 ಡಿಗ್ರಿಯಷ್ಟು ಬಿಸಿಯೇರಿ, ಮನೆಮಂದಿಯೆಲ್ಲ ಮಿಂದರೂ ಮಿಗುತ್ತದೆ; ಅಡುಗೆಮನೆಯಿಂದ ಬರುವ ಆಕ್ಷೇಪಣೆಗಳು ಈ ಕಾರಣಕ್ಕೆ ಸ್ವಲ್ಪ ಕಡಿಮೆಯಾಗುತ್ತವೆ. ಆದರೆ 87 ವೋಲ್ಟಿನ ಡಿಸಿ ತಮಾಷೆಯ ವಸ್ತುವಲ್ಲ. 60 ವೋಲ್ಟಿಗಿಂತ ಮೇಲಿನ ಡಿಸಿಯನ್ನು ಅಪಾಯಕಾರಿ ಎಂದೇ ಪರಿಗಣಿಸಬೇಕು. ಸಂಪರ್ಕವಿರುವಾಗ ನೀರಿಗೆ ಕೈ ಹಾಕಬಾರದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಬೇಕು. ಸ್ಪ್ಯಾನರಿನ ಹಿಡಿಗೆ ಟೇಪು ಸುತ್ತಿರಬೇಕು. ಮನೆಯ ಗೋಡೆಯ ಸ್ವಿಚ್ಚನ್ನು ಡಿಸಿ ಕಡಿಯಲು ಬಳಸಬಾರದು, ಏಕೆಂದರೆ ಅದರೊಳಗೆ ಕಿಡಿ ಹತ್ತಿಕೊಂಡು ಆರುವುದೇ ಇಲ್ಲ. ಡಿಸಿಗೆಂದೇ ಮಾಡಿದ ಬ್ರೇಕರ್ ಮತ್ತು ಒಂದು ಫ್ಯೂಸ್ ಇರಲೇಬೇಕು. ನೀರು ಇಳಿದು ರಾಡು ಹೊರಗೆ ಕಾಣಿಸದಂತೆಯೂ ನೋಡಿಕೊಳ್ಳಬೇಕು.

ಋಣ ತಂತಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯಲು ಬಳಸುವ ಅತಿ ಚಿಕ್ಕ ರೋಧ) ಜೋಡಿಸಿದ ಆಂಪಿಯರ್-ಗಂಟೆ ಮೀಟರನ್ನು ಸೊನ್ನೆಗೆ ಇಟ್ಟು, ಬ್ರೇಕರ್ ಹಾಕಿ, ಮೊದಲ ಆರು ಗಂಟೆಗಳ ಕಾಲ ಅರ್ಧ ಗಂಟೆಗೊಮ್ಮೆ, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಸೆಲ್ಲುಗಳ ವೋಲ್ಟೇಜನ್ನು ಬರೆದುಕೊಳ್ಳಬೇಕು. ಕೊನೆಯ ಘಟ್ಟದಲ್ಲಿ ಎದ್ದು ಹೋಗುವಂತಿಲ್ಲ. ನನ್ನ ಮೊದಲ ಪರೀಕ್ಷೆಯಲ್ಲಿ ಬೆಳಿಗ್ಗೆ ಏಳಕ್ಕೆ ಆರಂಭಿಸಿ ಮಧ್ಯಾಹ್ನ ಎರಡರವರೆಗೆ 24 ಸೆಲ್ಲುಗಳೂ 3.2ರ ಆಸುಪಾಸಿನಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದವು. ನಂತರ 17ನೆಯದು 3.1 ತೋರಿಸಿತು, ಹತ್ತು ನಿಮಿಷ ಬಿಟ್ಟು ನೋಡಿದರೆ 2.9, ಆಮೇಲೆ ಕಣ್ಣೆದುರಿಗೇ ಜಾರತೊಡಗಿತು. ಅದು 2.5 ಮುಟ್ಟಿ ಬ್ರೇಕರ್ ಇಳಿಸಿದಾಗ ಮೀಟರಿನಲ್ಲಿ 81 ಎಎಚ್ ಇತ್ತು. ಉಳಿದ 23 ಸೆಲ್ಲುಗಳು ಆಗಲೂ 3.2ರಲ್ಲಿಯೇ ಇದ್ದವು. ಹೊಸದೆಂದು ಹೇಳಿ ಮಾರಿದ್ದ ಆ ಸೆಲ್ಲಿನ ಮೇಲಿನ ಕ್ಯೂಆರ್ ಗುರುತನ್ನು ಕೆರೆದಿದ್ದುದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಬೇಗ ಬರಿದಾಗುವ ಸೆಲ್ಲೆಲ್ಲವೂ ಕೆಟ್ಟ ಸೆಲ್ಲಲ್ಲ. ಅದು ಪೂರ್ತಿ ತುಂಬಿರದೆಯೂ ಇರಬಹುದು. ಇವೆರಡನ್ನೂ ಬೇರ್ಪಡಿಸುವ ದಾರಿ ಸರಳವಾಗಿದೆ: ಮರಳಿ ಚಾರ್ಜ್ ಮಾಡುವಾಗ ಅದೇ ಸೆಲ್ಲನ್ನು ಗಮನಿಸಬೇಕು. ಬರಿದಾಗುವುದರಲ್ಲಿ ಮೊದಲು, ತುಂಬುವುದರಲ್ಲಿ ಕೊನೆ ಎಂದಾದರೆ ಸೆಲ್ ಸರಿಯಿದೆ, ಮಟ್ಟ ಮಾತ್ರ ತಪ್ಪಿದೆ. ಮತ್ತೊಮ್ಮೆ ಸಮ ಮಾಡಿದರೆ ಸರಿಹೋಗುತ್ತದೆ. ಬರಿದಾಗುವುದರಲ್ಲೂ ಮೊದಲು, ತುಂಬುವುದರಲ್ಲೂ ಮೊದಲು ಎಂದಾದರೆ ಅದರ ಹೊಟ್ಟೆಯೇ ಚಿಕ್ಕದು. ಯಾವ ಬಿಎಂಎಸ್ ಕೂಡ ಅದನ್ನು ಸರಿಪಡಿಸಲಾರದು. ನನ್ನ 17ನೆಯದು ಎರಡನೆಯ ಬಗೆಯದಾಗಿತ್ತು. ಅದೊಂದನ್ನು ಬದಲಿಸಿ ಮತ್ತೆ ಪರೀಕ್ಷಿಸಿದಾಗ 94 ಎಎಚ್ ಸಿಕ್ಕಿತು. ಒಂದು ಸೆಲ್ಲಿನ ಬೆಲೆಗೆ 13 ಎಎಚ್ ಎಂದರೆ, 76.8 ವೋಲ್ಟಿನಲ್ಲಿ ಒಂದು ಇಡೀ ಯೂನಿಟ್ ಹೆಚ್ಚಾಯಿತು. ಬ್ಯಾಟರಿ ಸಾಲದೆಂದು ಇನ್ನೊಂದು ಸಾಲು ಸೆಲ್ಲುಗಳನ್ನು ಕೊಳ್ಳಲು ಹೊರಟವರು ಮೊದಲು ಈ ಪರೀಕ್ಷೆಯನ್ನು ಮಾಡಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮೇಲೆ ಮತ್ತು ಕೆಳಗೆ ಬಿಡುವ ಜಾಗ

94 ಎಎಚ್ ಸಿಗುತ್ತದೆ ಎಂದ ಮಾತ್ರಕ್ಕೆ 94 ಬಳಸುವಂತಿಲ್ಲ. ಮೇಲ್ತುದಿಯಲ್ಲಿ ಶೇಕಡಾ 5, ಕೆಳತುದಿಯಲ್ಲಿ ಶೇಕಡಾ 10ರಷ್ಟನ್ನು ಮುಟ್ಟದೆ ಬಿಡುವುದು ನನ್ನ ರೂಢಿ. ಕೆಳಗಿನ ಹತ್ತನ್ನು ಬಿಡಲು ಇನ್ನೊಂದು ಕಾರಣವೂ ಇದೆ. ಬಹುತೇಕ ಬರಿದಾದ ಸೆಲ್ಲಿನಿಂದ ಏರಿನಲ್ಲಿ 100 ಆಂಪಿಯರ್ ಎಳೆದರೆ, ಒಳರೋಧದಿಂದಾಗಿ ವೋಲ್ಟೇಜು ಕ್ಷಣಕಾಲ 2.5ಕ್ಕಿಂತ ಕೆಳಗೆ ಕುಸಿದು, ಬಿಎಂಎಸ್ ಕಡಿದುಹಾಕುತ್ತದೆ. ಸಮತಟ್ಟಿನಲ್ಲಿ ಇನ್ನೂ ನಾಲ್ಕು ಕಿಲೋಮೀಟರ್ ಹೋಗಬಹುದಾಗಿದ್ದ ಕಾರು ಏರಿನ ಮಧ್ಯೆ ನಿಲ್ಲುತ್ತದೆ. ನಾನು ಕಾರು ತಳ್ಳಿದ್ದು ಇಂತಹ ಒಂದು ಫ್ಲೈಓವರಿನ ಏರಿನಲ್ಲಿ. ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದವರಿಗೆ ಪ್ಯೂಕರ್ಟ್, ಒಳರೋಧ ಎಂದು ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎಲ್‌ಎಫ್‌ಪಿಯ ವೋಲ್ಟೇಜನ್ನು ನೋಡಿ ಉಳಿದ ಸಾಮರ್ಥ್ಯವನ್ನು ಅಂದಾಜಿಸುವುದು ಆಗದ ಮಾತು. ಬಳಕೆಯ ಬಹುಭಾಗದುದ್ದಕ್ಕೂ ಅದು 3.2ರಿಂದ 3.3ರ ನಡುವೆಯೇ ಇರುತ್ತದೆ. ಸೀಸ-ಆಮ್ಲದಲ್ಲಿ ವಿಶ್ರಾಂತಿಯ ವೋಲ್ಟೇಜು 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಎಂದು ಹೇಳಬಹುದು. ಎಲ್‌ಎಫ್‌ಪಿಗೆ ಶಂಟ್ ಮೀಟರ್ ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗೆಯೇ, ಗೋಡೆಯ ಪ್ಲಗ್ಗಿನಿಂದ ಎಷ್ಟು ಯೂನಿಟ್ ಹೋಯಿತೆಂದು ನೋಡಿ ಬ್ಯಾಟರಿಯ ಸಾಮರ್ಥ್ಯ ಹೇಳಬಾರದು. ಅದರಲ್ಲಿ ಚಾರ್ಜರ್ ಬಿಸಿಯಾಗಿ ತಿಂದುಹಾಕಿದ ಪಾಲೂ ಸೇರಿರುತ್ತದೆ.

ಈಗ ಗುಣಾಕಾರ ಮಾಡೋಣ. 7680ಕ್ಕೆ ದುರ್ಬಲ ಸೆಲ್ಲಿನ ಪಾಲು 0.94, ಮೇಲೆ-ಕೆಳಗೆ ಬಿಟ್ಟ ನಂತರದ ಪಾಲು 0.85, ವೋಲ್ಟೇಜು ಇಳಿತದ ಪಾಲು 0.97. ಬರುವುದು 5950 ವ್ಯಾಟ್-ಗಂಟೆ. ಇವತ್ತಿನ ಮಟ್ಟಿಗೆ ಇದು ನಂಬಬಹುದಾದ ಸಂಖ್ಯೆ. ಸೆಲ್ಲುಗಳು ವಯಸ್ಸಾಗಿ ಎಂಬತ್ತು ಭಾಗಕ್ಕೆ ಇಳಿದಾಗ ಅವುಗಳ ಆಯುಷ್ಯ ಮುಗಿಯಿತೆಂದು ಹೇಳುವುದು ವಾಡಿಕೆಯಾದ್ದರಿಂದ, ಆ ದಿನದ ಸಂಖ್ಯೆ 4760. ಬ್ಯಾಟರಿ ಕೊಳ್ಳುವಾಗ ಈ ಎರಡನೆಯ ಸಂಖ್ಯೆಯಿಂದಲೇ ನಿಮ್ಮ ದಿನದ ಓಡಾಟ ಮುಗಿಯುವಂತಿರಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲುವ ಕಾರಿನಲ್ಲಿ ಆ ದಿನ ಬೇಗ ಬರುತ್ತದೆ. ಎಲ್‌ಎಫ್‌ಪಿಗೆ ನಮ್ಮ ನಾಡಿನಲ್ಲಿ ಚಳಿಗಿಂತ ಸೆಕೆಯೇ ಶತ್ರು.

ಕಿಲೋಮೀಟರಿಗೆ ಎಷ್ಟು?

ಸಾಮರ್ಥ್ಯವನ್ನು ದೂರವಾಗಿ ಪರಿವರ್ತಿಸಲು ಕಾರಿನ ಖರ್ಚು ತಿಳಿಯಬೇಕು. ಇದರಲ್ಲಿ ದೊಡ್ಡ ಪಾಲು ಚಕ್ರಗಳ ಉರುಳುವಿಕೆಯದು. ಅದನ್ನು ಅಳೆಯಲು ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು: ಸಮತಟ್ಟಾದ ರಸ್ತೆಯಲ್ಲಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ, ಕಾರು ನಿಧಾನವಾಗಿ ಒಂದೇ ಸಮನೆ ಚಲಿಸುವಂತೆ ಎಳೆಯಬೇಕು, ನಂತರ ಕಾರನ್ನು ತಿರುಗಿಸಿ ಎದುರು ದಿಕ್ಕಿನಲ್ಲೂ ಎಳೆದು ಸರಾಸರಿ ತೆಗೆಯಬೇಕು. ಇಬ್ಬರು ಕುಳಿತು ಒಟ್ಟು 900 ಕಿಲೋ ತೂಗುವ ಕಾರಿಗೆ ತಕ್ಕಡಿ 13.5 ಕಿಲೋ, ಅಂದರೆ 132 ನ್ಯೂಟನ್ ತೋರಿಸಿತು. 20 ತೋರಿಸಿದರೆ ಬ್ಯಾಟರಿಯ ಲೆಕ್ಕ ಬಿಟ್ಟು ಮೊದಲು ಬ್ರೇಕು ಹಿಡಿದುಕೊಂಡಿದೆಯೇ, ಟೈರಿನಲ್ಲಿ ಗಾಳಿ ಇದೆಯೇ ಎಂದು ನೋಡಬೇಕು. ನ್ಯೂಟನ್ನನ್ನು 3.6ರಿಂದ ಭಾಗಿಸಿದರೆ ನೇರವಾಗಿ ಕಿಲೋಮೀಟರಿಗೆ ವ್ಯಾಟ್-ಗಂಟೆ ಸಿಗುತ್ತದೆ: 36.7.

ಗಾಳಿಯ ತಡೆಗೆ, ಇಂತಹ ಪುಟ್ಟ ಕಾರಿನ ಎದುರುಭಾಗದ ವಿಸ್ತೀರ್ಣವನ್ನು ಅದರ ಆಕಾರದ ಗುಣಾಂಕದಿಂದ ಗುಣಿಸಿದ ಮೊತ್ತವನ್ನು 0.7 ಚದರ ಮೀಟರ್ ಎಂದೂ, ಮೈಸೂರಿನ ಎತ್ತರದಲ್ಲಿ ಗಾಳಿಯ ಸಾಂದ್ರತೆಯನ್ನು 1.1 ಎಂದೂ ಹಿಡಿದಿದ್ದೇನೆ. ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಇದು 60 ನ್ಯೂಟನ್, ಅಂದರೆ 16.7 ವ್ಯಾಟ್-ಗಂಟೆ. ಎರಡೂ ಸೇರಿ 53.4. ಮೋಟಾರು, ಕಂಟ್ರೋಲರ್, ಗೇರ್‌ಬಾಕ್ಸುಗಳ ಒಟ್ಟು ದಕ್ಷತೆ ಶೇಕಡಾ 75 ಎಂದರೆ ಬ್ಯಾಟರಿಯಿಂದ ಹೊರಡಬೇಕಾದದ್ದು 71. ಊರೊಳಗೆ ಕಿಲೋಮೀಟರಿಗೆ ಒಮ್ಮೆಯಾದರೂ ನಿಂತು ಹೊರಡಬೇಕು. 45ರ ವೇಗಕ್ಕೆ ಕಾರನ್ನು ಏರಿಸುವ ಒಂದೊಂದು ಸಲಕ್ಕೂ 26 ವ್ಯಾಟ್-ಗಂಟೆ ಬೇಕು. ದೀಪ, ವೈಪರ್, ಹಾರ್ನ್‌ಗಳ 150 ವ್ಯಾಟ್, ಸರಾಸರಿ 25ರ ವೇಗದಲ್ಲಿ, ಕಿಲೋಮೀಟರಿಗೆ 6. ಒಟ್ಟು 103, ನಾನು 105 ಎಂದು ಇಟ್ಟುಕೊಂಡಿದ್ದೇನೆ.

ಈ ಸಂಖ್ಯೆಯನ್ನು ತಾಳೆ ನೋಡಲು ಬೆಂಗಳೂರಿನದೇ ಒಂದು ಅಳತೆಗೋಲು ಇದೆ. 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲದ ಬ್ಯಾಟರಿಗಳಿದ್ದವು: 48 ವೋಲ್ಟ್, 200 ಎಎಚ್, 9600 ವ್ಯಾಟ್-ಗಂಟೆ. ಅದಕ್ಕೆ ಹೇಳಿದ್ದ ದೂರ 80 ಕಿಲೋಮೀಟರ್. ಎಂಬತ್ತು ಭಾಗ ಬಳಸಿದರೆಂದು ಹಿಡಿದರೆ ಕಿಲೋಮೀಟರಿಗೆ 96. ನಿಮ್ಮ ಲೆಕ್ಕದಲ್ಲಿ ಇದೇ ಗಾತ್ರದ ಕಾರಿಗೆ 50 ಬಂದಿದ್ದರೆ ಎಲ್ಲೋ ತಪ್ಪಿದೆ ಎಂದೇ ತಿಳಿಯಬೇಕು.

5950ನ್ನು 105ರಿಂದ ಭಾಗಿಸಿದರೆ 56 ಕಿಲೋಮೀಟರ್, ಮುಪ್ಪಿನಲ್ಲಿ 45. ಏರು ಬಂದರೆ ಬೇರೆ ಕಡಿತ: 900 ಕಿಲೋ ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬ್ಯಾಟರಿಯಿಂದ ಸುಮಾರು 327 ವ್ಯಾಟ್-ಗಂಟೆ ಬೇಕು. ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೆ ಸುಮಾರು 300 ಮೀಟರ್ ಏರಿಕೆ, ಅಂದರೆ ದೂರದ ಖರ್ಚಿನ ಮೇಲೆ ಇನ್ನೂ 980. ಬೆಟ್ಟ ಹತ್ತಿದ ದಿನ ಒಂಬತ್ತು ಕಿಲೋಮೀಟರ್ ಕಡಿಮೆ ಎಂದು ಎಣಿಸಬೇಕು. ಇಳಿಯುವಾಗ ಮೋಟಾರು ಸ್ವಲ್ಪ ಮರಳಿ ತುಂಬಬಹುದು. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಸಿಕ್ಕಿದ್ದು ಲಾಭ ಎಂದುಕೊಳ್ಳುವುದು ಕ್ಷೇಮ.

ರಸ್ತೆಯ ಮೇಲೆ ತಾಳೆ

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ವಾಹನದ ಎಂಜಿನ್ನಿನಂತಹ ಮೂಲಭೂತ ಮಾರ್ಪಾಡಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು, ಪರಿವರ್ತನೆಯ ಕಿಟ್‌ಗಳಿಗೆ ಎಐಎಸ್-123 ಮಾನಕವಿದೆ. ಆ ಕಾಗದಪತ್ರ ಆಗುವವರೆಗೆ ಪರೀಕ್ಷೆಯನ್ನು ಖಾಸಗಿ ಆವರಣದಲ್ಲೇ ಮಾಡಬೇಕು.

ಪರೀಕ್ಷೆಗೆ ಬ್ಯಾಟರಿಯನ್ನು ಬರಿದು ಮಾಡಬೇಕಾಗಿಲ್ಲ. ಪೂರ್ತಿ ಚಾರ್ಜ್ ಮಾಡಿ, ಮೀಟರನ್ನು ಸೊನ್ನೆಗೆ ಇಟ್ಟು, ಗೊತ್ತಿರುವ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತಿ, ಮೀಟರು 40ರ ಹತ್ತಿರ ಬಂದಾಗ ನಿಲ್ಲಿಸಿದರೆ ಸಾಕು. ನನ್ನ ಪುಸ್ತಕದಲ್ಲಿ ಮೊದಲ ದಿನದ ದಾಖಲೆ 28 ಕಿಲೋಮೀಟರಿಗೆ 38 ಎಎಚ್ ಎಂದಿದೆ. ಕಾಗದದ ಲೆಕ್ಕಕ್ಕೆ ಸರಿಹೊಂದಿತು. ಮರುವಾರ ಅದೇ ಸುತ್ತಿಗೆ 43 ಎಎಚ್ ಹೋಯಿತು. ಇಳಿದು ನೋಡಿದರೆ ಹಿಂದಿನ ಎಡಗಡೆಯ ಟೈರು ಅರ್ಧ ಇಳಿದಿತ್ತು. ಸುತ್ತು ಮುಗಿದೊಡನೆ ಪ್ರತಿ ಬಸ್‌ಬಾರಿನ ಬೋಲ್ಟಿಗೆ ದೂರದಿಂದ ತೋರಿಸುವ ಥರ್ಮಾಮೀಟರ್ ಹಿಡಿದು, ಉಳಿದವುಗಳಿಗಿಂತ ಬಿಸಿಯಾಗಿರುವುದು ಯಾವುದಾದರೂ ಇದೆಯೇ ಎಂದು ನೋಡುವ ಅಭ್ಯಾಸವನ್ನೂ ಇಟ್ಟುಕೊಳ್ಳಬೇಕು.

ಕಾರು ಓಡಿಸುವಾಗ ಯಾರೂ ವ್ಯಾಟ್-ಗಂಟೆ ಎಣಿಸುವುದಿಲ್ಲವಾದ್ದರಿಂದ, ಎಲ್ಲ ಲೆಕ್ಕವನ್ನೂ ಕೊನೆಗೆ ಮೀಟರಿನ ಭಾಷೆಗೆ ತರಬೇಕು. 94ರ ಎಂಬತ್ತೈದು ಭಾಗ 80. ನನ್ನ ಡ್ಯಾಶ್‌ಬೋರ್ಡಿನ ಮೇಲೆ ಮೀಟರಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: 40ಕ್ಕೆ ಹಿಂದಿರುಗು, 80ಕ್ಕೆ ನಿಲ್ಲಿಸು. ಪ್ರತಿ ಆರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮತ್ತು ಬೇಸಿಗೆಗೆ ಮೊದಲು ಒಮ್ಮೆ, ಡ್ರಮ್ಮು ಮತ್ತು ರಾಡುಗಳು ಹೊರಗೆ ಬರುತ್ತವೆ. ಕಳೆದ ಸಲ 91 ಸಿಕ್ಕಿತು. ಚೀಟಿಯ ಮೇಲಿನ 80ನ್ನು ಹೊಡೆದುಹಾಕಿ 77 ಎಂದು ಬರೆದಿದ್ದೇನೆ.